ಸಿಪ್ಪೆ ಸುಲಿದ ಲೈಬ್ರರಿ

ಎಂಬತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ನಮ್ಮ ಮಾರಾಟ ಸಂಘದಲ್ಲಿ ಎರಡೇ ಟರ್ಮಿನಲ್ ಇದ್ದವು. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂಜಿನಿಯರು. ಅವನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆರಿಸುವ ಇರಾದೆಯೂ ನನಗಿಲ್ಲ.

ಎಲೆಕ್ಟ್ರಾನಿಕ್ ತಕ್ಕಡಿಯಿಂದ ಅಡಿಕೆಯ ತೂಕ ಓದಿ ಚೀಟಿ ಮುದ್ರಿಸುವ ಪ್ರೋಗ್ರಾಂ ನನ್ನದು. ಅದಕ್ಕೆ ತೂಕವನ್ನು ಒದಗಿಸುವ ಕೋಡಿನ ಕಟ್ಟು, ಅಂದರೆ ಸಿಸ್ಟಂ ಲೈಬ್ರರಿ, ಅವನು ತಿದ್ದಿದ್ದು. ಆ ಸುಗ್ಗಿಯಲ್ಲಿ ಪ್ರೋಗ್ರಾಂ ದಿನಕ್ಕೆ ಮೂರು ಸಲ ನಿಲ್ಲತೊಡಗಿತು. ಅಡಿಕೆ ತಂದು ಸಾಲಿನಲ್ಲಿ ನಿಂತವರು ಬೈದದ್ದು ನನ್ನನ್ನು. ಸೋಮವಾರ ಸಂಜೆಯೊಳಗೆ ಸರಿಹೋಗದಿದ್ದರೆ ಜಗಳೂರಿನ ಶೇಂಗಾ ಗೋದಾಮಿಗೆ ವರ್ಗ ಎಂದರು ಕಾರ್ಯದರ್ಶಿಗಳು. ವರ್ಗದ ಕಾಗದವನ್ನು ನನ್ನ ಕೈಯಿಂದಲೇ ಟೈಪು ಮಾಡಿಸಿದರು.

ಎಲ್ಲಿ ನಿಲ್ಲುತ್ತಿದೆ ಎಂದು ತಪ್ಪು ಹುಡುಕುವ ಡಿಬಗರ್‌ನಲ್ಲಿ ನೋಡಿದರೆ, ಲೈಬ್ರರಿಯೊಳಗೆ ಬರೀ ಅಂಕಿಗಳು. ಫಂಕ್ಷನ್ನಿನ ಹೆಸರಿಲ್ಲ, ಸಾಲಿನ ಸಂಖ್ಯೆಯಿಲ್ಲ. ಲೈಬ್ರರಿಯನ್ನು ಹೇಗೆ ಕಟ್ಟಬೇಕೆಂದು ಬರೆದಿಟ್ಟ ಮೇಕ್‌ಫೈಲ್ ತೆರೆದೆ. ಆ ಗುರುತುಗಳನ್ನು ಉಳಿಸಲು ಕಂಪೈಲರ್‌ಗೆ ಹೇಳುವ -g ಅನ್ನು ಅವನು ಅಳಿಸಿದ್ದ.

"ಅಡಿಕೆ ಸುಲಿದ ಮ್ಯಾಲೆ ಸಿಪ್ಪೆ ಇಟ್ಕಂಡು ಏನ್ ಮಾಡ್ತೀರಿ ಅಕ್ಕಾರೆ? ಡಿಸ್ಕ್‌ನಾಗೆ ಜಾಗ ಎಲ್ಲೈತೆ?" ಎಂದ.

ಸೋಮವಾರ ಕಾರ್ಯದರ್ಶಿಗಳ ಎದುರೇ -g ಸೇರಿಸಿ, ಲೈಬ್ರರಿ ಕಟ್ಟುವ ಮೇಕ್ ಓಡಿಸಿದ. ಎಲ್ಲ ಹೊಸದಾಗೇ ಇದೆ, ಮಾಡುವುದೇನಿಲ್ಲ ಎಂದಿತು ಯಂತ್ರ. ಡಿಬಗರ್‌ನಲ್ಲಿ ಮತ್ತೆ ಅವೇ ಅಂಕಿಗಳು.

"ನೋಡ್ರಿ ಸಾರ್, ಹಾಕಿದ್ರೂ ಅಷ್ಟೇ. ತಪ್ಪು ಇವರ ಪ್ರೋಗ್ರಾಂನಾಗೇ ಐತೆ."

ಗೊತ್ತಿಲ್ಲದೆ ಮಾಡಿದನೋ, ಗೊತ್ತಿದ್ದೇ ಮಾಡಿದನೋ. ಎರಡೂ ಹೇಸಿಗೆಯೇ. ಮೂಲ ಕೋಡ್ ಬದಲಾಗದಿದ್ದರೆ, -g ಸೇರಿಸಿದರೂ, ಹಿಂದೆ ಕಂಪೈಲ್ ಆಗಿ ಕೂತ ಆಬ್ಜೆಕ್ಟ್ ಫೈಲುಗಳನ್ನು ಮೇಕ್ ಮುಟ್ಟುವುದೇ ಇಲ್ಲ. ನನ್ನ ಪ್ರೋಗ್ರಾಂನ ಅಂಥ ಫೈಲುಗಳನ್ನು ನಾನು ಪ್ರತಿ ಶನಿವಾರ ಅಳಿಸಿ ಮೊದಲಿನಿಂದ ಕಟ್ಟುತ್ತಿದ್ದೆ. ಅದಕ್ಕೇ ಅವನು ನನ್ನನ್ನು 'ಮಡಿ ಅಕ್ಕ' ಎಂದು ಆಡಿಕೊಳ್ಳುತ್ತಿದ್ದ.

"ಏಳ್ರಿ ಕುರ್ಚಿಯಿಂದ," ಎಂದೆ.

ಲೈಬ್ರರಿಯ ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಅಳಿಸಿ ಮತ್ತೆ ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ತಕ್ಕಡಿಯ ಮೇಲೆ ಒಂದೊಂದೇ ಚೀಲ ಇಟ್ಟು ಇಳಿಸಲು ಹಮಾಲರಿಗೆ ಹೇಳಿದೆ. ಆರನೆಯದನ್ನು ಇಳಿಸಿದಾಗ ಪ್ರೋಗ್ರಾಂ ನಿಂತಿತು. ಈ ಸಲ ತೆರೆಯ ಮೇಲೆ ಫಂಕ್ಷನ್ನಿನ ಹೆಸರೂ ಸಾಲಿನ ಸಂಖ್ಯೆಯೂ ಬಂದವು, ಅವನ ಲೈಬ್ರರಿಯದೇ. ಖಾಲಿ ತಕ್ಕಡಿ ಸೊನ್ನೆಗಿಂತ ಕೆಳಗಿಳಿದಾಗ ಬರುವ ಮೈನಸ್ ಚಿಹ್ನೆಗೆ ಅವನು ಒಂದು ಅಕ್ಷರದ ಜಾಗವನ್ನೂ ಬಿಟ್ಟಿರಲಿಲ್ಲ.

"ಯಾರ್ದಾದ್ರೇನ್ರಿ, ಸಿಕ್ತಲ್ಲ," ಎಂದು ಬ್ಯಾಗು ಹಿಡಿದು ಬಸ್ಸಿಗೆ ಹೊರಟ.

ಕಾರ್ಯದರ್ಶಿಗಳು ವರ್ಗದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಲು ಹೋದರು.

"ಹರೀರಿ ಸಾರ್."

"ಹರಿಯಾನ, ಮೊದ್ಲು ಸರಿ ಮಾಡ್ರಮ್ಮಾ. ಜನ ಕಾಯಾಕ್‌ಹತ್ಯಾರೆ."

"ಮೊದ್ಲು ಹರೀರಿ."

ಹೊರಗೆ ಸಾಲು ಗೇಟು ದಾಟಿತ್ತು. ನಾನು ಕೈಕಟ್ಟಿ ಕುಳಿತೆ. ಅವರು ಹರಿದರು. ಆಮೇಲೆ ಲೈಬ್ರರಿಯ ಆ ಸಾಲನ್ನು ತಿದ್ದಿದೆ.