ಯಾರೂ ಕೂರಲಾಗದ ಮುಚ್ಚಳ

ನಮ್ಮ ಪಿಕಪ್ಪಿಗೆ ತಗಡಿನ ಮುಚ್ಚಳ ಹಾಕಿಸಿದ್ದು ಮಳೆಯ ಕಾಟಕ್ಕೆ ಎಂದೇ ನಮ್ಮ ನೆಂಟರಿಷ್ಟರೆಲ್ಲ ಇಂದಿಗೂ ನಂಬಿದ್ದಾರೆ. ನಂಬಲಿ. ಮಳೆಯದೂ ಅದರಲ್ಲಿ ಒಂದು ಪಾಲಿತ್ತು, ಇಲ್ಲವೆನ್ನುವುದಿಲ್ಲ. ಉಳಿದದ್ದನ್ನು ಈಗ ಹೇಳಿದರೆ ಯಾರಿಗೂ ನೋವಾಗದು, ಅದಕ್ಕೇ ಹೇಳುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ಕರ್ಪೂರ, ವಿಭೂತಿ ಗಟ್ಟಿ, ಊದುಬತ್ತಿ, ಎಲ್ಲ ಸಗಟು ವ್ಯಾಪಾರ. ನಮ್ಮ ಯಜಮಾನರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಳಿ ಪಿಕಪ್ಪಿನ ಹಿಂದಿನ ತೊಟ್ಟಿಗೆ ಮಾಲು ತುಂಬಿಕೊಂಡು ಸುತ್ತಲಿನ ಊರುಗಳ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ವಾರವೆಲ್ಲ ಗಾಡಿ ನಮ್ಮದು. ಭಾನುವಾರ ಮಾತ್ರ ಅದು ಇಡೀ ಬಳಗದ್ದು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಹೆಣ್ಣು ನೋಡುವುದಿರಲಿ, ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದೆ ಬೆಳಿಗ್ಗೆಯೇ ಜರಿ ಸೀರೆಗಳು, ಮಕ್ಕಳು, ಹಣ್ಣಿನ ಬುಟ್ಟಿಗಳು ಬಂದು ನಿಲ್ಲುತ್ತಿದ್ದವು. ತೊಟ್ಟಿಗೆ ಜಮಖಾನ ಹಾಸುವುದು, ಎಲ್ಲರೂ ಹತ್ತುವುದು. ತಿರುಗಿ ಬಂದ ಮೇಲೆ ಬಾಳೆಹಣ್ಣಿನ ಸಿಪ್ಪೆ, ಹೂವಿನ ಕಸ ಗುಡಿಸುವವಳು ನಾನು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಗಾಡಿ ಕೇಳಿದವರಿಗೆ ಇಲ್ಲ ಅನ್ನುವುದು ನಮ್ಮ ಯಜಮಾನರ ಜಾಯಮಾನದಲ್ಲೇ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಎದುರಿಗೇ ಅನ್ನುತ್ತಿದ್ದೆ. ಅವರು ನಕ್ಕು ಗಾಡಿ ಒರೆಸುತ್ತಿದ್ದರು.

ಆ ಬಳಗದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದವರು ದೊಡ್ಡಮ್ಮ. ಯಜಮಾನರ ತಾಯಿಯ ಅಕ್ಕ. ತಾಯಿ ಇಲ್ಲದ ಮಗುವನ್ನು ಸಾಕಿ ಬೆಳೆಸಿದವರು ಅವರೇ, ನಮ್ಮ ಜೊತೆಯಲ್ಲೇ ಇದ್ದರು. ನಾನೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಹಾಗೆಂದು ಅತ್ತೆಯ ಅಧಿಕಾರದಲ್ಲಿ ಒಂದಿಷ್ಟನ್ನೂ ಅವರು ಬಿಟ್ಟುಕೊಟ್ಟವರಲ್ಲ. ಮುಂದೆ ಡ್ರೈವರ್ ಪಕ್ಕ ಕೂತರೆ ಡೀಸೆಲ್ ವಾಸನೆಗೆ ತಲೆ ಸುತ್ತುತ್ತದೆ ಎಂಬುದು ಅವರ ದೂರು. ಹಿಂದೆ, ಗಾಳಿಗೆ, ಬಿಟ್ಟು ಬಂದ ರಸ್ತೆಗೆ ಮುಖಮಾಡಿ ಕೂತು ಮೈಸೂರನ್ನೆಲ್ಲ ನೋಡಿಕೊಂಡು ಹೋಗುವುದು ಅವರಿಗೆ ಇಷ್ಟ.

ಅಂಥದ್ದೇ ಒಂದು ಭಾನುವಾರ ಊರಂಚಿನ ಹೆಬ್ಬಾಳದಲ್ಲಿ ನೆಂಟರ ಮಗುವಿನ ನಾಮಕರಣ. ಉಳಿದವರೆಲ್ಲ ಅಲ್ಲೇ ಉಳಿದುಕೊಂಡರು. ತಿರುಗಿ ಬರುವಾಗ ತೊಟ್ಟಿಯಲ್ಲಿದ್ದದ್ದು ಕುರ್ಚಿಯ ಮೇಲೆ ದೊಡ್ಡಮ್ಮ, ಪಕ್ಕದಲ್ಲಿ ಜಮಖಾನದ ಮೇಲೆ ನಾನು, ಇಬ್ಬರೇ. ಕಾರ್ಖಾನೆಗಳ ರಸ್ತೆಯಲ್ಲೊಂದು ಹಂಪು. ಗಾಡಿ ಎಗರಿತು, ಕುರ್ಚಿ ಜಾರಿ ಹಿಂದಿನ ಡೋರಿಗೆ ಬಡಿಯಿತು. ಹಳೆಯ ಚಿಲಕ ಕಳಚಿ ಡೋರು ದಡಾರನೆ ಕೆಳಕ್ಕೆ ಬಿತ್ತು. ದೊಡ್ಡಮ್ಮನ ಎರಡೂ ಕಾಲು ಗಾಡಿಯ ಹೊರಗೆ ತೂಗಾಡುತ್ತಿದ್ದವು. ನಾನು ಹೇಗೆ ಎದ್ದೆನೋ ಕಾಣೆ, ಒಂದು ಕೈಯಲ್ಲಿ ಗಾಡಿಯ ಅಂಚು, ಇನ್ನೊಂದು ಕೈಯಲ್ಲಿ ಅವರ ಸೊಂಟದ ಸೀರೆ ಹಿಡಿದಿದ್ದೆ. ಹಿಂದೆ ಶಿಫ್ಟಿನವರನ್ನು ತುಂಬಿಕೊಂಡು ಬರುತ್ತಿದ್ದ ಬಸ್ಸು ಕಿರ್ರೆಂದು ಬ್ರೇಕು ಹಾಕಿ ನಮಗೆ ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತು.

ಯಜಮಾನರು ಗಾಡಿ ನಿಲ್ಲಿಸಿ ಇಳಿಯುವುದರೊಳಗೆ ನಾನು ದೊಡ್ಡಮ್ಮನನ್ನು ಒಳಗೆ ಎಳೆದುಕೊಂಡು ಕೂರಿಸಿದ್ದೆ. "ಏನಾಯ್ತೇ?" ಎಂದರು. ದೊಡ್ಡಮ್ಮ ನನ್ನ ತೊಡೆ ಚಿವುಟಿದರು. "ಡೋರ್ ಬಿಚ್ಕೊಂಡಿದೆ, ನೋಡಿ," ಎಂದೆ. ಅವರು ಡೋರು ಎತ್ತಿ ಹಗ್ಗದಲ್ಲಿ ಬಿಗಿದು, ಮನೆಯವರೆಗೂ ಎರಡನೇ ಗೇರಿನಲ್ಲೇ ಓಡಿಸಿದರು. ಡೋರು ಮತ್ತೆ ಕಳಚೀತೆಂಬ ಭಯ ಇರಬೇಕು ಎಂದುಕೊಂಡೆ.

"ಅವ್ನಿಗೆ ಹೇಳ್ಬೇಡ ಕಣಮ್ಮ," ಎಂದರು ದೊಡ್ಡಮ್ಮ ದಾರಿಯಲ್ಲಿ. "ಗೊತ್ತಾದ್ರೆ ಸ್ಟೇರಿಂಗ್ ಹಿಡಿಯೋಕೇ ಹೆದರ್ತಾನೆ. ಓಡಾಡಿ ದುಡಿಯೋ ಗಂಡಸು."

ಮಾತು ಕೊಟ್ಟೆ. ಕೊಟ್ಟದ್ದು ಸುಲಭ, ಇಟ್ಟುಕೊಂಡು ಬಾಳುವುದು ಕಷ್ಟ. ಯಜಮಾನರು ಹೊಸ ಚಿಲಕ ಹಾಕಿಸಿದರು, ಮುಂದಿನ ಭಾನುವಾರ ಬಳಗ ಎಂದಿನಂತೆ ಹತ್ತಿತು, ದೊಡ್ಡಮ್ಮನೂ ಹತ್ತಿದರು. ಹತ್ತದಿದ್ದರೆ ಯಾಕೆಂದು ಎಲ್ಲರೂ ಕೇಳುವರಲ್ಲ! ನಾನು ಅವರ ಸೆರಗನ್ನು ಕೈಗೆ ಸುತ್ತಿಕೊಂಡು ಕೂರುತ್ತಿದ್ದೆ. ಗಾಡಿ ಹಾರಿದಾಗಲೆಲ್ಲ ಆ ಸುತ್ತನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ. ಇವತ್ತಲ್ಲ ನಾಳೆ ಈ ತೊಟ್ಟಿಯಿಂದ ಯಾರಾದರೂ ಬಿದ್ದೇ ಬೀಳುತ್ತಾರೆ, ಅದು ದೊಡ್ಡಮ್ಮನೇ ಆಗಿರುತ್ತಾರೆ ಎಂಬುದು ಮನಸ್ಸಿನಲ್ಲಿ ಬೇರೂರಿಬಿಟ್ಟಿತ್ತು. ಜನ ಹತ್ತಬಾರದು, ಬೇಡವೆಂದು ಯಾರೂ ಹೇಳಲೂಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಉಪಾಯ ಬೇಕಿತ್ತು.

ಉಪಾಯ ಮಳೆಯ ರೂಪದಲ್ಲಿ ಬಂತು. ಒಂದು ಸಂಜೆ ಕುಂಕುಮದ ಮೂಟೆಗಳನ್ನು ತುಂಬಿಕೊಂಡು ಹೊರಟ ಯಜಮಾನರಿಗೆ ಧೋ ಎಂದು ಮಳೆ ಹಿಡಿಯಿತು. ಮೇಲೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಹರಿದು ಹಾರಿತು. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿಯಿಂದ ಕೆಂಪು ನೀರು ಧಾರೆಯಾಗಿ ಸುರಿಯತೊಡಗಿತು. ಟ್ರಾಫಿಕ್ ಪೊಲೀಸಿನವನು ಸೀಟಿ ಊದಿಕೊಂಡು ಓಡಿ ಬಂದ. "ಏನ್ರೀ ಇದು ರಕ್ತ!" ಎಂದನಂತೆ. "ಕುಂಕುಮ ಸಾರ್," ಎಂದರಂತೆ ಇವರು. ಆತ ಬೆರಳಲ್ಲಿ ಮುಟ್ಟಿ, ಮೂಸಿ, ಅಭ್ಯಾಸಬಲದಿಂದ ಹಣೆಗೂ ಇಟ್ಟುಕೊಂಡು, "ಹೋಗ್ರಿ ಹೋಗ್ರಿ," ಎಂದನಂತೆ. ಮನೆಗೆ ಬಂದ ಯಜಮಾನರ ಪಂಚೆ, ಕೈ, ಕಾಲು ಎಲ್ಲ ಕೆಂಪು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ನಾನು, "ಗಾಡಿಗೆ ಗಟ್ಟಿ ಮುಚ್ಚಳ ಹಾಕ್ಸಿಬುಡಿ," ಎಂದೆ.

ಅಂಗಡಿಯ ಹಿಂದಿನ ಬೀದಿಯಲ್ಲೇ ಗಾಡಿಗಳಿಗೆ ಬಾಡಿ ಕಟ್ಟುವ ವಯಸ್ಸಾದ ಸಾಹೇಬರೊಬ್ಬರಿದ್ದರು. ಯಜಮಾನರ ಜೊತೆ ನಾನೂ ಹೋದೆ. ಸಾಹೇಬರು ತೊಟ್ಟಿಯನ್ನು ತಟ್ಟಿ ನೋಡಿ, "ಕಬ್ಬಿಣದ ಕಮಾನು ಕೂರ್ಸಿ ಟಾರ್ಪಾಲು ಹೊದಿಸ್ಬೋದು. ಇಲ್ದಿದ್ರೆ ತಗಡಿನ ಗೂಡು ಮಾಡ್ಸಿ, ಎತ್ತರಕ್ಕೆ. ಎರಡೂ ಕಡೆ ಬೆಂಚ್ ಕೊಡ್ತೀನಿ. ಭಾನುವಾರ ಮನೆಮಂದಿಯೆಲ್ಲಾ ಆರಾಮಾಗಿ ಕೂತ್ಕೊಂಡ್ ಹೋಗ್ಬೋದು," ಎಂದರು. ಬೆಂಚು ಬೇರೆ!

"ಮೂರನೇದು ಯಾವ್ದೂ ಇಲ್ವಾ?" ಎಂದರು ಯಜಮಾನರು.

"ಇದೆ. ಮಟ್ಟಸವಾಗಿ ಬರೀ ಮುಚ್ಚಳ, ಟ್ರಂಕಿಗೆ ಇರ್ತದಲ್ಲ ಅಂಗೇ. ಎತ್ತಿ ಮಾಲ್ ಇಡೋದು, ಇಳ್ಸಿ ಬೀಗ ಹಾಕೋದು. ಆದ್ರೆ ಡಬ್ಬಗಳ್ನ ಎತ್ತರಕ್ಕೆ ಪೇರ್ಸೋಕಾಗಲ್ಲ ಕಣ್ರೀ. ಯಾರೂ ಮಾಡ್ಸಲ್ಲ."

ನಾನು ರಾತ್ರಿಯೆಲ್ಲ ಉರುಹೊಡೆದಿದ್ದ ವಾದಗಳನ್ನು ಶುರುಮಾಡಿದೆ. ಟಾರ್ಪಾಲು ಹರಿಯುತ್ತದೆ, ಗೂಡಿಗೆ ಗಾಳಿ ಹೊಡೆದು ಡೀಸೆಲ್ ಕುಡಿಯುತ್ತದೆ, ಮುಚ್ಚಳಕ್ಕಾದರೆ ಬೀಗವಿರುತ್ತದೆ, ಕರ್ಪೂರ ಕದಿಯುವವರ ಕಾಟವಿಲ್ಲ. ಕರ್ಪೂರವನ್ನು ಯಾರೂ ಯಾವತ್ತೂ ಕದ್ದಿರಲಿಲ್ಲ. ಯಜಮಾನರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಮುಚ್ಚಳಾನೇ ಆಗ್ಲಿ ಬುಡಿ ಸಾಹೇಬ್ರೇ," ಎಂದುಬಿಟ್ಟರು. ಇಷ್ಟು ಬೇಗ ಒಪ್ಪಿದರಲ್ಲ, ನನ್ನ ನಾಲಗೆಗೆ ಇಂಥ ಶಕ್ತಿ ಇದೆಯೇ ಎಂದು ನಾನೇ ಬೆರಗಾದೆ.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಅಳತೆ ತೆಗೆದಾಗ ತೊಟ್ಟಿಯ ಒಂದು ಮಗ್ಗುಲು ಸೊಟ್ಟಗಿದ್ದದ್ದು ಗೊತ್ತಾಯಿತು. ಹಿಂದಿನ ಮಾಲೀಕ ಎಲ್ಲೋ ಗುದ್ದಿಸಿದ್ದ. ಚೌಕ ಪೈಪಿನ ಚೌಕಟ್ಟು ಬೆಸೆದು, ಮೇಲೆ ತಗಡು ಹೊಡೆದು, ಡ್ರೈವರ್ ಕಡೆಗೆ ಕೀಲು ಕೂರಿಸಿ, ಹಿಂದೆ ಬೀಗ, ಎತ್ತಿ ನಿಲ್ಲಿಸಲು ಒಂದು ಕಂಬಿ. ಇಳಿಸಿ ನೋಡಿದರೆ ಸೊಟ್ಟ ಮಗ್ಗುಲಲ್ಲಿ ಬೆರಳು ತೂರುವಷ್ಟು ಸಂದು. ಅದಕ್ಕೆ ದಪ್ಪ ರಬ್ಬರ್ ಬೀಡಿಂಗ್ ಅಂಟಿಸಿದರು. ತೊಟ್ಟಿಯೊಳಗೆ ಹಳೆಯ ಪೇಪರು ಹರಡಿ, ಮುಚ್ಚಿ, ಬಕೆಟ್ಟುಗಟ್ಟಲೆ ನೀರು ಸುರಿದರು. ತೆಗೆದು ನೋಡಿದಾಗ ಒಂದು ಮೂಲೆ ಬಿಟ್ಟು ಉಳಿದೆಲ್ಲ ಪೇಪರು ಒಣಗಿಯೇ ಇತ್ತು. ಆದರೆ ಮುಚ್ಚಳದ ಮೇಲೆ ನೀರು ಕೆರೆಯಂತೆ ನಿಂತಿತ್ತು. "ನಡುಮಧ್ಯೆ ಸ್ವಲ್ಪ ಉಬ್ಬು ಕೊಡ್ಬೇಕು. ನಾಳೆ ನೋಡ್ಮ," ಎಂದರು ಸಾಹೇಬರು.

ಅಷ್ಟರಲ್ಲಿ ಗಾಡಿ ನೋಡಲು ಬಂದಿದ್ದ ಯಜಮಾನರ ದಾಯಾದಿಯೊಬ್ಬರು ಆ ಮಟ್ಟಸ ಮುಚ್ಚಳವನ್ನು ಕೈಯಿಂದ ತಟ್ಟಿ, "ಭಲೇ! ಮೇಲ್ಗಡೆ ಜಮಖಾನ ಹಾಸಿದ್ರೆ ಮುಂಚೆಗಿಂತ ಜಾಸ್ತಿ ಜನ ಕೂರ್ಬೋದಲ್ಲಯ್ಯಾ!" ಎಂದರು. ಯಜಮಾನರು ಹೆಹ್ಹೆ ಎಂದರು. ತೊಟ್ಟಿಗಾದರೆ ಸುತ್ತ ಗೋಡೆಯಾದರೂ ಇತ್ತು. ಮುಚ್ಚಳದ ಮೇಲೆ ಹಿಡಿದುಕೊಳ್ಳಲು ಏನಿದೆ? ಹೋಗಿ ಹೋಗಿ ದೊಡ್ಡಮ್ಮನಿಗೆ ಇನ್ನೂ ಎತ್ತರದ ಪೀಠ ಮಾಡಿಸಿದೆನಲ್ಲ ಎಂದು ಅಳುವೇ ಬಂತು.

ಮರುದಿನ ಮಧ್ಯಾಹ್ನ ಯಜಮಾನರು ಊಟ ಮುಗಿಸಿ ಅಡ್ಡಾದ ಹೊತ್ತು ನೋಡಿ, ಹೂ ತರುವ ನೆಪ ಹೇಳಿ ಒಬ್ಬಳೇ ಸಾಹೇಬರಲ್ಲಿಗೆ ಹೋದೆ. ಅವರು ಚಹಾ ಕುಡಿಯುತ್ತಿದ್ದರು.

"ಸಾಹೇಬ್ರೇ, ಆ ಉಬ್ಬು ಸ್ವಲ್ಪ ಜಾಸ್ತಿನೇ ಇರ್ಲಿ. ನೀರು ಚೆನ್ನಾಗಿ ಹರಿದೋಗ್ಬೇಕು."

ಸಾಹೇಬರು ಲೋಟ ಕೆಳಗಿಟ್ಟು ನಕ್ಕರು. "ನೀರಾ? ಯಾರೂ ಮೇಲೆ ಕೂರ್ಬಾರ್ದು, ಕೂತ್ರೆ ಜಾರ್ಬೇಕು. ಅಷ್ಟೇ ತಾನೇ ತಾಯಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, "ನಿಮ್ಗೆ ಯಾರು ಹೇಳಿದ್ರು?" ಎಂದುಬಿಟ್ಟೆ.

"ನಿಮ್ಮೆಜಮಾನ್ರೇ. ಬೆಳಗ್ಗೆ ಬಾಗ್ಲು ತೆಗೆಯೋ ಹೊತ್ಗೆ ಬಂದಿದ್ರು. ಜನ ಹತ್ತೋಕೇ ಆಗ್ಬಾರ್ದು ಅಂಗೆ ಮಾಡಿ ಅಂದ್ರು. ನನ್ ಹೆಂಡ್ತಿಗೆ ಹೇಳ್ಬೇಡಿ ಅಂತಾನೂ ಅಂದಿದ್ರು." ಸಾಹೇಬರು ನಾಲಗೆ ಕಚ್ಚಿಕೊಂಡರು. "ಮರ್ತೇಬುಟ್ಟೆ ನೋಡಿ."

ಹೂವೂ ತರದೆ ಆಟೋ ಹಿಡಿದು ಮನೆಗೆ ಬಂದೆ. ದೊಡ್ಡಮ್ಮ ಒಳಗೆ ಮಲಗಿದ್ದರು. ಯಜಮಾನರು ಆಗತಾನೇ ಎದ್ದು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು.

"ಏನ್ರೀ, ನಿಮ್ಗೆ ಗೊತ್ತಿತ್ತಾ?" ಎಂದೆ. ಏನು ಗೊತ್ತಿತ್ತು ಎಂದು ಅವರು ಕೇಳಲೇ ಇಲ್ಲ.

"ತಲೆ ಮೇಲಿನ ಕನ್ನಡೀಲಿ ನೋಡ್ದೆ ಕಣೇ. ದೊಡ್ಡಮ್ಮ ಕಾಣ್ಲೇ ಇಲ್ಲ. ನಿನ್ ಕೈ ಒಂದೇ ಕಾಣ್ತಿತ್ತು, ಸೀರೆ ಹಿಡ್ದಿದ್ದು." ತೊಳೆದ ಮುಖಕ್ಕೇ ಮತ್ತೆ ನೀರು ಎರಚಿಕೊಂಡರು. "ಇಳಿಯೋಕೇ ಭಯ ಆಯ್ತು. ಇಳಿದು ನೋಡಿದ್ರೆ ಇಬ್ರೂ ಏನೂ ಆಗಿಲ್ಲ ಅನ್ನೋ ಥರ ಕೂತಿದೀರಿ. ನೀವೇ ಮುಚ್ಚಿಟ್ಟಿದೀರಿ ಅಂದ್ರೆ ನಾನ್ ಹೆಂಗ್ ಬಾಯ್ಬಿಡ್ಲಿ? ಗೊತ್ತಾಯ್ತು ಅಂದ್ರೆ ದೊಡ್ಡಮ್ಮ ನೊಂದ್ಕೋತಾರೆ."

"ಮತ್ತೆ ಪ್ರತಿ ಭಾನುವಾರ ಹತ್ತಿಸ್ಕೊಂಡ್ ಹೋದ್ರಲ್ರೀ!"

"ರಸ್ತೆ ನೋಡ್ತಿದ್ನಾ, ಕನ್ನಡೀನೇ ನೋಡ್ತಿದ್ನಾ, ನಂಗೇ ಗೊತ್ತಿಲ್ಲ," ಎಂದರು.

ನಾನು ಅತ್ತೆ. ಬೈದೆ ಕೂಡ, ಚೆನ್ನಾಗಿಯೇ ಬೈದೆ. ಆದರೆ ಇಷ್ಟು ವಾರ ಒಬ್ಬಳೇ ಹೊತ್ತುಕೊಂಡಿದ್ದ ಭಯವನ್ನು ಇನ್ನೊಬ್ಬರೂ ಹೊತ್ತಿದ್ದರು ಎಂದು ತಿಳಿದಾಗ ಎಂಥ ಹಗುರವಾಯಿತು ಎಂದರೆ, ಅಂದು ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಮುಚ್ಚಳ ಉಬ್ಬಿದ ಪೂರಿಯಂತೆ ತಯಾರಾಗಿ ಬಂತು. ನಾವಿಬ್ಬರೂ ಬೇರೆ ಬೇರೆಯಾಗಿ ಕೇಳಿದ್ದನ್ನು ಸಾಹೇಬರು ಕೂಡಿಸಿಬಿಟ್ಟಿದ್ದರೋ ಏನೋ! ಅದೇ ದಾಯಾದಿ ಹತ್ತಲು ಹೋಗಿ ಜಾರಿ, ಪಂಚೆ ಸರಿಮಾಡಿಕೊಂಡು, "ಥೂ, ಕೆಲಸಕ್ಕೆ ಬಾರದ್ದು ಮಾಡ್ಸಿದೀಯಲ್ಲೋ," ಎಂದರು. "ಏನ್ಮಾಡೋದು, ಮಳೆ," ಎಂದರು ಯಜಮಾನರು, ಮುಖದಲ್ಲಿ ಬೇಸರ ತಂದುಕೊಂಡು. ಅಷ್ಟು ಸಂತೋಷದಿಂದ ಬೇಸರಪಟ್ಟ ಗಂಡಸನ್ನು ನಾನು ನೋಡಿಲ್ಲ. ದೊಡ್ಡಮ್ಮ ಮುಚ್ಚಳಕ್ಕೆ ವಿಭೂತಿ ಹಚ್ಚಿ ಕೈಮುಗಿದು, "ಸದ್ಯ," ಎಂದರು, ನನಗೆ ಮಾತ್ರ ಕೇಳುವಂತೆ. ಆಮೇಲೆ ಬಳಗ ಬಸ್ಸು ಆಟೋ ಹಿಡಿಯುವುದನ್ನು ಕಲಿಯಿತು. ಕುಂಕುಮವೂ ಒಣಗಿಯೇ ಊರೂರು ತಲುಪಿತು. ದೊಡ್ಡಮ್ಮ ಆಗಾಗ ನನ್ನನ್ನು ಪಕ್ಕಕ್ಕೆ ಕರೆದು, "ಅವ್ನಿಗೆ ಗೊತ್ತಾಗ್ಲಿಲ್ಲ ತಾನೇ?" ಎಂದು ಕೇಳುವರು. "ಇಲ್ಲ ದೊಡ್ಡಮ್ಮ," ಎನ್ನುವೆನು.

ವರ್ಷಗಳ ನಂತರ, ಅವರು ವಯಸ್ಸಾಗಿ ಹಾಸಿಗೆ ಹಿಡಿದಿದ್ದಾಗ, ಒಂದು ಬೆಳಿಗ್ಗೆ ಯಜಮಾನರು ಅವರಿಗೆ ಗಂಜಿ ಕುಡಿಸುತ್ತಿದ್ದರು. ದೊಡ್ಡಮ್ಮ ಚಮಚವನ್ನು ತಡೆದು, "ಒಂದು ವಿಷ್ಯ ನಿಂಗೆ ಹೇಳೇ ಇಲ್ಲ ಕಣೋ. ಹೆಬ್ಬಾಳದಿಂದ ಬರ್ವಾಗ ಒಂದ್ಸಲ ನಾನು ಗಾಡಿಯಿಂದ ಬಿದ್ದೇ ಹೋಗ್ತಿದ್ದೆ. ನಿನ್ ಹೆಂಡ್ತಿ ಹಿಡ್ಕೊಂಡ್ಲು," ಎಂದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಯಜಮಾನರು ಬಟ್ಟಲು ಕೆಳಗಿಟ್ಟು ಕಣ್ಣರಳಿಸಿದರು. "ಹೌದಾ ದೊಡ್ಡಮ್ಮ? ಅಯ್ಯೋ ಶಿವನೇ! ನಂಗೆ ಗೊತ್ತೇ ಆಗ್ಲಿಲ್ವಲ್ಲ!"

"ಹೆಂಗ್ ಗೊತ್ತಾಗತ್ತೆ? ನಾನೇ ಹೇಳ್ಬೇಡ ಅಂದಿದ್ದೆ," ಎಂದು ದೊಡ್ಡಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಆಮೇಲೆ ಉಳಿದ ಗಂಜಿಯನ್ನೆಲ್ಲ ಕುಡಿದು, ಮಗ್ಗುಲು ಬದಲಿಸಿ, ನಿಶ್ಚಿಂತೆಯಿಂದ ನಿದ್ದೆಹೋದರು.