ಓಚ್ಚಮ್ಮಾಳ್ ಬಾಯಿಗೆ ಬಾರದ ಮಾತು

ಓಚ್ಚಮ್ಮಾಳ್ ಮೇಲೆ ನನಗೆ ಬಂದಷ್ಟು ಸಿಟ್ಟು ಕಟ್ಟಿಕೊಂಡ ಗಂಡನ ಮೇಲೂ ಬಂದಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

ತೊಂಬತ್ತೆಂಟರಲ್ಲಿ ನಾನು ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಕಂಪ್ಯೂಟರ್ ಟೈಪಿಂಗ್ ಅಂಗಡಿ ಇಟ್ಟಿದ್ದೆ. ಇದ್ದದ್ದು ಒಂದೇ ಯಂತ್ರ, ಅದೂ ಕರೆಂಟಿದ್ದಾಗ. ಓಚ್ಚಮ್ಮಾಳ್ ನಮ್ಮವಳೇ, ಮಾರ್ಕಯನ್‌ಕೋಟ್ಟೈಯಿಂದ ಮದುವೆಯಾಗಿ ಬಂದವಳು. ಮನೆಯೊಳಗೆ ನಮ್ಮ ಕನ್ನಡ, ಬೀದಿಗಿಳಿದರೆ ತಮಿಳು. ಗಂಡ ಸತ್ತು ಹತ್ತು ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಮುತ್ತುಲಕ್ಷ್ಮಿ, ಇಪ್ಪತ್ತಾರರ ಹೆಣ್ಣು. ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರ ಅವಳ ಎರಡೂ ಕಾಲುಗಳನ್ನು ಒಣಗಿಸಿತ್ತು.

ತಾಯಿ ಮಗಳಿಬ್ಬರಿಗೂ ಏಲಕ್ಕಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸ. ಅಲ್ಲಿ ಎಲ್ಲ ಹೆಂಗಸರೂ ದಿನವಿಡೀ ನೆಲದ ಮೇಲೆ ಕೂತೇ ಇರುತ್ತಾರೆ. ಹಾಗಾಗಿ ಮುತ್ತುಲಕ್ಷ್ಮಿ ಯಾರಿಗೂ ಕಮ್ಮಿಯಿಲ್ಲ, ಕೈಚುರುಕಿನಲ್ಲಿ ಅವಳೇ ಮುಂದು. ಅಲ್ಲಿಗೆ ಹೋಗಿ ಸೇರುವುದೇ ಪಾಡು. ಐದಡಿಯೂ ಇಲ್ಲದ ಓಚ್ಚಮ್ಮಾಳ್ ಬೆಳೆದ ಮಗಳನ್ನು ಬೆನ್ನ ಮೇಲೆ ಹೊತ್ತು ಮೂರು ಬೀದಿ ದಾಟುತ್ತಿದ್ದಳು. ಆ ವರ್ಷ ಅವಳ ಸೊಂಟ ಹಿಡಿದುಕೊಂಡಿತು. ಎರಡು ಸಲ ನಡುಬೀದಿಯಲ್ಲಿ ಮಗಳ ಸಮೇತ ಬಿದ್ದಳು.

ಸರ್ಕಾರ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ ಕೊಡುತ್ತದೆ ಎಂದು ಅವರಿಗೆ ಹೇಳಿದವಳು ನಾನೇ. ನೂರಕ್ಕೆ ನಲವತ್ತರಷ್ಟು ಊನ ಇದೆಯೆಂದು ಡಾಕ್ಟರು ಬರೆದರೆ ಸಾಕು. ಅರ್ಜಿ ಕಂಪ್ಯೂಟರಿನಲ್ಲೇ ಹೊಡೆದಿರಬೇಕು ಅಂತ ಹೊಸದಾಗಿ ಆದ ತೇನಿ ಜಿಲ್ಲೆಯ ಕಚೇರಿಯಲ್ಲಿ ಹಟ. ಹೊಡೆದುಕೊಟ್ಟೆ. ತೇನಿಯ ಶಿಬಿರಕ್ಕೆ ಹೋಗಿಬಂದವರು ಸಂಜೆ ಕಾಗದ ತಂದು ತೋರಿಸಿದರು. ನೂರಕ್ಕೆ ಮೂವತ್ತು!

“ಇವಳಿಗೆ ಮೂವತ್ತಾ? ಆ ಡಾಕ್ಟ್ರು ಕಣ್ಣು ಮನೇಲಿ ಬಿಟ್ಟು ಬಂದಿದ್ನಾ?” ಅಂದೆ.

ಮುತ್ತುಲಕ್ಷ್ಮಿ ನಕ್ಕಳು. “ಅವ್ರನ್ನ ಏನೂ ಅನ್ನಬ್ಯಾಡ ಕಲೈಸೆಲ್ವಿ. ಇನ್ನೂರು ಜನ ಲೈನಲ್ಲಿ, ತಲೆ ಎತ್ತಾಕೂ ಪುರುಸೊತ್ತಿಲ್ಲ. ‘ಪೊಣ್ಣು ನಡೀತಾಳಾ’ ಅಂತ ಅಮ್ಮನ್ನ ಕೇಳ್ದ್ರು. ಅಮ್ಮ ‘ನಡೀತಾಳೆ ಸಾರ್, ಅವ್ಳಿಗೇನೂ ಕೊರೆ ಇಲ್ಲ’ ಅಂದ್ಬುಟ್ಳು.”

ನಾನು ಹಣೆ ಚಚ್ಚಿಕೊಂಡೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಇಬ್ಬರೂ ಕೊಡೋಕೆ ನಿಂತಿದ್ದರು, ಈ ಮಹಾತಾಯಿ ಕೈಯೊಡ್ಡಲಿಲ್ಲ.

“ಯಾಕಕ್ಕಾ ಹಂಗಂದೆ?”

“ಮತ್ತೇನ್ ಅನ್ಲಿ ತಾಯೀ? ಹೆತ್ತ ಬಾಯಲ್ಲಿ ಕೊರೆ ಸೊಲ್ಲಬಾರ್ದು.”

ನಮ್ಮ ಹೆಂಗಸರಲ್ಲಿ ಹಾಗೊಂದು ನಂಬಿಕೆ. ಮಗುವಿನ ಕೊರೆಯನ್ನು, ಅಂದರೆ ಊನವನ್ನು, ಊರೆಲ್ಲ ಆಡಿಕೊಳ್ಳಲಿ, ಹೆತ್ತವಳು ಆಡಬಾರದು, ಆಡಿದರೆ ಅದು ಶಾಪವಾಗಿ ನಿಂತುಬಿಡುತ್ತದೆ. ಜ್ವರ ಬಿಟ್ಟ ದಿನ ಓಚ್ಚಮ್ಮಾಳಿನ ಅತ್ತೆ, ‘ಇದನ್ನ ಇನ್ಯಾವನು ಕಟ್ಟಿಕೊಳ್ತಾನೆ’ ಎಂದು ಗೋಳಾಡಿದಾಗ ಇವಳು, ‘ನನ್ನ ಮಗಳಿಗೇನೂ ಕೊರೆಯಿಲ್ಲ’ ಅಂದಳಂತೆ. ಅಲ್ಲಿಂದ ಮದುವೆಮನೆಯಲ್ಲಿ, ಕೊಳಾಯಿಯ ಹತ್ತಿರ, ಬಸ್ಸಿನಲ್ಲಿ, ಯಾರು ಕೇಳಿದರೂ ಅದೇ ಉತ್ತರ. ಇಪ್ಪತ್ತನಾಲ್ಕು ವರ್ಷ ಒಂದೇ ಮಾತು ಹೇಳಿದ ಬಾಯಿಗೆ ಬೇರೆ ಮಾತು ಬರಲಿಲ್ಲ.

ಮರುದಿನ ನಾನೇ ತೇನಿಗೆ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತ ತಂಗವೇಲ್ ಆಕಳಿಸುತ್ತ, “ಕಂಪ್ಯೂಟರಿಗೆ ಏರಿಸಿ ಆಯ್ತಮ್ಮಾ. ಏರಿದ್ದು ಇಳಿಯೋದಿಲ್ಲ,” ಎಂದ.

“ನನಗೂ ಕಂಪ್ಯೂಟರ್ ಗೊತ್ತು ಸಾರ್. ಅಳಿಸೋಕೆ ಒಂದು ಗುಂಡಿ ಸಾಕು.”

“ಗುಂಡಿ ಒತ್ತೋಕೆ ಆರ್ಡರ್ ಬೇಕು.”

ಆ ಆರ್ಡರಿಗೆ ಅಲೆದದ್ದು ನಾಲ್ಕು ತಿಂಗಳು. ಮೊದಲ ಮನವಿ ಮೊಹರಿಲ್ಲ ಅಂತ ವಾಪಸ್ ಬಂತು. ಎರಡನೆಯದು ಫೋಟೋದಲ್ಲಿ ಕಾಲು ಕಾಣುವುದಿಲ್ಲ ಅಂತ. ಮೂರನೆಯದಕ್ಕೆ ಸಹಿ ಹಾಕಬೇಕಾದ ಸಾಹೇಬರಿಗೆ ದಿಂಡಿಗಲ್‌ಗೆ ವರ್ಗವಾಯಿತು. ದಿಂಡಿಗಲ್ ಬೀಗಕ್ಕೆ ಹೆಸರಾದ ಊರು; ಅಲ್ಲಿಗೆ ಹೋದವರು ಬಾಯಿಗೂ ಬೀಗ ಹಾಕಿಕೊಂಡರೇನೋ, ಪತ್ರ ಬರೆದರೆ ಉತ್ತರವಿಲ್ಲ. ಇತ್ತ ಓಚ್ಚಮ್ಮಾಳ್ ಸೊಂಟಕ್ಕೆ ಸೀರೆ ಬಿಗಿದು ಮಗಳನ್ನು ಹೊರುತ್ತಲೇ ಇದ್ದಳು. ಅಂತೂ ಹೊಸಬರು ಬಂದು ಮರುಪರೀಕ್ಷೆಗೆ ದಿನ ಕೊಟ್ಟರು. ಜೊತೆಗೊಂದು ಷರತ್ತು: ಹಿಂದಿನ ಸಲ ತಾಯಿಯ ಹೇಳಿಕೆಯ ಮೇಲೆ ಬರೆದದ್ದು, ತಾಯಿಯೇ ಬಂದು ಅದನ್ನು ತಿದ್ದಿ ಹೇಳಬೇಕು.

ವಾರವಿಡೀ ತಾಯಿ ಮಗಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು ತಾಯಿಗೆ ಪಾಠ ಹೇಳಿದೆ.

“ನಡೆಯಾಕಾಗಲ್ಲ ಅನ್ನು.”

“ನಡೆ...” ಅನ್ನುವಳು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ನಾನು ಕಿರುಚಿಬಿಟ್ಟೆ. “ಸಾಯೋ ತನಕ ಇವಳನ್ನ ಹೊರ್ತೀಯಾ? ನೀನು ಸತ್ತ ಮೇಲೆ ಯಾರು ಹೊರ್ತಾರೆ, ನಿನ್ನ ನಂಬಿಕೆ ಹೊರ್ತದಾ?” ಅವಳು ಮಗಳನ್ನು ಬೆನ್ನಿಗೇರಿಸಿಕೊಂಡು ಹೊರಟುಹೋದಳು.

ಈ ಸಲ ಇದ್ದದ್ದು ಹೆಣ್ಣು ಡಾಕ್ಟರು. ಮುತ್ತುಲಕ್ಷ್ಮಿಯನ್ನು ಮಂಚದ ಮೇಲೆ ಮಲಗಿಸಿ ಕಾಲುಗಳನ್ನು ಒತ್ತಿ, ಮಡಿಸಿ ನೋಡಿದರು. ಅವಳು ಎಲ್ಲವನ್ನೂ ತಾನೇ ನೆಟ್ಟಗೆ ಹೇಳಿದಳು. ಆಮೇಲೆ ಅವರು ಹಳೆಯ ಕಾಗದ ತೆಗೆದು ಓಚ್ಚಮ್ಮಾಳನ್ನು ನೋಡಿದರು.

“ನಡೀತಾಳೆ ಅಂತ ನೀವೇ ಹೇಳಿದ್ದೀರಿ. ಈಗ ಏನು ಬರೀಲಮ್ಮಾ?”

ಓಚ್ಚಮ್ಮಾಳ್ ನೆಲ ನೋಡುತ್ತ ನಿಂತಳು. ನಾನು ಹಿಂದಿನಿಂದ ತಿವಿದೆ. ಊಹೂಂ. ಹೊರಗೆ ಮುಂದಿನವರ ಹೆಸರು ಕೂಗಿದರು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನಾಲ್ಕು ತಿಂಗಳ ಅಲೆದಾಟ ಅಲ್ಲೇ ಮಣ್ಣುಪಾಲಾಯಿತು ಅಂದುಕೊಂಡೆ, ಅಳು ಬಂತು.

ಮುತ್ತುಲಕ್ಷ್ಮಿ ತಾಯಿಯ ಸೆರಗು ಹಿಡಿದು ಎಳೆದಳು. “ಅಮ್ಮಾ, ನಾನು ಕೇಳಸ್ಕಂಬಲ್ಲ. ಸೊಲ್ಲು.”

ಓಚ್ಚಮ್ಮಾಳ್ ಮಂಚದ ಹತ್ತಿರ ಹೋದಳು. ಏಲಕ್ಕಿ ಆರಿಸಿ ಒರಟಾದ ಎರಡೂ ಅಂಗೈಗಳಿಂದ ಮಗಳ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, “ನಡೆಯಾಕಾಗಲ್ಲಮ್ಮಾ. ನನ್ನ ಮಗಳಿಗೆ ನಡೆಯಾಕಾಗಲ್ಲ,” ಅಂದಳು.

ಡಾಕ್ಟರು ಎಂಬತ್ತು ಎಂದು ಬರೆದರು. ಅವರು ಬರೆದು ಮುಗಿಸಿ ಮೊಹರು ಹಾಕುವ ತನಕ ಅವಳು ಆ ಕೈಗಳನ್ನು ತೆಗೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿಗೆ ಮುತ್ತುಲಕ್ಷ್ಮಿಯನ್ನು ಇಬ್ಬರೂ ಸೇರಿ ಹತ್ತಿಸಿದೆವು. ಓಚ್ಚಮ್ಮಾಳ್ ನನ್ನ ಜೊತೆ ಮಾತು ಬಿಟ್ಟಿದ್ದಳು. ಕಂಡಕ್ಟರು ಬಂದು ಬಗ್ಗಿ ನೋಡಿ, “ಅಯ್ಯೋ, ಪೊಣ್ಣಿಗೆ ಏನಾಯ್ತಮ್ಮಾ?” ಎಂದ.

ಓಚ್ಚಮ್ಮಾಳ್ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನನ್ನ ಮುಖ ನೋಡಿದಳು.

“ಅವಳಿಗೇನೂ ಕೊರೆ ಇಲ್ಲ,” ಅಂದೆ ನಾನು. “ಬೋಡಿಗೆ ಮೂರು ಟಿಕೆಟ್ ಕೊಡು.”