ಅವ್ವನ ಅಗಸಿ ಹಿಂಡಿ ಮತ್ತ ಸಮುದ್ರದ ನಾಕಾಬಂದಿ

ನಾ ಬೀದರದಾಗ ವಕೀಲಕಿ ಓದ್ಲಿಕತ್ತೇನಿ. ಅಲ್ಲೇ ಚಿದ್ರಿ ಬಡಾವಣ್ಯಾಗ ಒಂದು ಖೋಲಿ, ಒಂದು ಪಲ್ಲಂಗ, ಸಮುದ್ರದ ಕಾಯ್ದೆದ್ದು ಒಂದು ದಪ್ಪ ಪುಸ್ತಕ. ಸಮುದ್ರ ನಾ ನೋಡೇ ಇಲ್ಲ. ನಾ ನೋಡಿದ ದೊಡ್ಡ ನೀರಂದ್ರ ಮಾಂಜ್ರಾ ಹೊಳಿ, ಅದೂ ಬ್ಯಾಸಗ್ಯಾಗ. ದಾಟಿದ್ರೂ ಚಪ್ಪಲಿ ಸುದ್ದಾ ತೊಯ್ದಿರಲಿಲ್ಲ. ಮತ್ತ ಈ ವಿಷಯ ಯಾಕ ತಗೊಂಡಿ ಅಂತ ಕೇಳಬ್ಯಾಡ್ರಿ. ಆ ಕ್ಲಾಸಿಗಿ ಮಂದಿ ಕಡಿಮಿ, ಹಿಂದಿನ ಬೆಂಚಿನ ಮ್ಯಾಲ ಕಾಲು ಚಾಚಿ ಮಲಗಬಹುದು.

ಖರೇ ಸಮುದ್ರಕ್ಕ ಹೋದಾಂವ ನಮ್ಮಣ್ಣ. ನಮ್ಮೂರು ಎಕಂಬಾದಾಗ ಕುರಿ ಮೇಯಿಸೋ ಮನಿತನದಾಗ ಹುಟ್ಟಿ, ಈಗ ಮಾಲಿನ ಹಡಗದಾಗ ಇಂಜಿನ್ ಖೋಲ್ಯಾಗ ಕೆಲಸ ಮಾಡ್ತಾನ. ಹೋಗೂಮುಂದ ಹೆಂಡ್ತಿಗಿ, ನಮ್ಮ ವೈನಿಗಿ, ಮಾತು ಕೊಟ್ಟಿದ್ದ, "ನಿನಗ ದಿನ ತುಂಬೋದ್ರಾಗ ಬಂದೇ ಬರ್ತೇನಿ" ಅಂತ. ವೈನಿದು ಚೊಚ್ಚಲ ಬಸುರು, ಭಾಲ್ಕಿ ತವರಿಗಿ ಹೋಗಿದ್ಳು. ಅಣ್ಣ ಮುಂದಿನ ಬಂದರದಾಗ ಹಡಗ ಇಳಿದು ವಿಮಾನ ಹತ್ತಬೇಕಿತ್ತು. ಅಷ್ಟರಾಗ ಆ ಬಂದರದ ದೇಶದ ಮ್ಯಾಲ ಇನ್ನೊಂದು ದೇಶ ಲಡಾಯಿ ಹೂಡಿ, ಸಮುದ್ರದಾಗ ನಾಕಾಬಂದಿ ಹಾಕ್ತು.

"ಲೇ ವಕೀಲಾ, ಊರಿಗಿ ಬಾ," ಅಂತ ಅಪ್ಪನ ಫೋನು. ನನ್ನ ಜಿಂದಗಿಯೊಳಗ ಮೊದಲ ಸಲ ನನ್ನ ಓದಿಗಿ ಗಿರಾಕಿ ಸಿಕ್ಕಿತ್ತು. ಔರಾದದಾಗ ಚಹಾ ಕುಡೀಲಿಕ್ಕೂ ನಿಲ್ಲದೇ ಗಾಡಿ ಓಡಿಸ್ದೆ.

ಅಪ್ಪ ದಡ್ಡಿ ಮುಂದ ಕುರಿ ಎಣಿಸ್ಲಿಕತ್ತಿದ್ದ. "ನಾಕಾಬಂದಿ ಅಂದ್ರ ಏನಲೇ?"

ನಾ ಅಂಗಿ ಕಾಲರ್ ಸರಿ ಮಾಡ್ಕೊಂಡೆ. "ಅಪ್ಪಾ, ದುಶ್ಮನ್ ದೇಶದ ಸಮುದ್ರ ದಂಡಿಗಿ ಯಾವ ಹಡಗನೂ ಹೋಗಬಾರದು, ಬರಬಾರದು. ಆದ್ರ ಸುಮ್ನ ಬಾಯ್ಲೆ ಹೇಳಿದ್ರ ನಡಿಯಂಗಿಲ್ಲ. ಎಲ್ಲಾರಿಗೂ ಸಾರಬೇಕು, ಖರೇನೇ ಜಂಗೀ ಹಡಗ ನಿಲ್ಲಿಸಿ ಕಾಯಬೇಕು."

"ನಮ್ಮ ತೊಗರಿ ಹೊಲದಂಗ ಅನ್ನು. ಬೇಲಿ ಇದ್ರಷ್ಟೇ ಸಾಲಂಗಿಲ್ಲ, ಕಾಯೋರೂ ಬೇಕು."

"ಹಂಗೇ. ಆದ್ರ ಅಲ್ಲಿ ಬೇಲಿ ತೇಲ್ತದ."

ಅವ್ವ ಒಲಿ ಮುಂದಿಂದ ಎದ್ದು ಬಂದ್ಳು, ಕೈಗಿ ಹಿಟ್ಟು ಹಂಗೇ ಇತ್ತು. "ಹಡಗದಾಗ ಏನೇನು ಹಿಡೀತಾರ ಹೇಳು."

ಇಲ್ಲಿ ನಾ ಬಾಯಿ ಮುಚ್ಚಿದ್ರ ನಮ್ಮ ಮನ್ಯಾಗ ಇವತ್ತಿಗೂ ನನಗ ಮರ್ಯಾದಿ ಇರ್ತಿತ್ತು. "ತೋಪು, ಬಂದೂಕು ಇದ್ರ ಸೀದಾ ಜಪ್ತಿ. ಕಾಳು, ಎಣ್ಣಿ, ಅರಿಬಿ ಇದ್ರ ಯಾರಿಗಿ ಹೊಂಟದ ಅಂತ ನೋಡ್ತಾರ. ದುಶ್ಮನ್ ಕಡಿ ಹೊಂಟಿತ್ತಂದ್ರ ಅದೂ ಚೋರಿ ಮಾಲಂತ ಜಪ್ತಿ."

"ತಿನ್ನೋ ಪದಾರ್ಥನೂ?"

"ತಿನ್ನೋದೂ."

"ರೊಟ್ಟಿಗಿ ಹಚ್ಕೊಳ್ಳೋ ಹಿಂಡಿನೂ?"

"ನಿನ್ನ ಅಗಸಿ ಹಿಂಡಿ ಅಂತೂ ಮೊದಲು ಹಿಡೀತಾರವ್ವಾ. ಆ ಖಾರ ಮದ್ದುಗುಂಡಿನ ಜಾತಿಗಿ ಸೇರ್ತದ."

ಅಪ್ಪ ನಕ್ಕ. ಅವ್ವನ ಮಾರಿ ಬೆಳ್ಳಗಾಯ್ತು. ಊಟಕ್ಕ ಕೂತು ನಾ ಎರಡನೇ ರೊಟ್ಟಿ ಮುರಿಯೋದ್ರಾಗ ಆಕಿ ಮನ್ಯಾಗಿರಲಿಲ್ಲ. ನಮ್ಮ ಮನ್ಯಾಗ ರೇಂಜ್ ಬರಂಗಿಲ್ಲ, ಫೋನ್ ಹಚ್ಚಬೇಕಂದ್ರ ದಡ್ಡಿ ಹಿಂದಿನ ದಿಬ್ಬ ಹತ್ತಬೇಕು. ಅಲ್ಲಿಂದ ಇಳಿದು ಬಂದು ಕೂತ್ಳು, ಸೆರಗಿಲೆ ಮಾರಿ ಒರಿಸ್ಕೊಂಡ್ಳು.

ಆಕಿ ಹೆದರಿಕಿ ನನಗ ಆಗ ತಿಳೀತು. ಮಂದಿ ಊರಿಗಿ ಬರಿ ಕೈಲೆ ಹೋಗಬಾರದು ಅನ್ನೋದು ನಮ್ಮ ಮನಿ ರಿವಾಜು. ಔರಾದ್ ಸಂತಿಗಿ ಹೋದ್ರೂ ಪರಿಚಯದವರ ಮನಿಗಿ ಒಂದು ಹಿಡಿ ಶೇಂಗಾ ಒಯ್ಯಬೇಕು. ಅದಕ್ಕ ಅವ್ವ ಅಣ್ಣಗ ಹಿಂಡಿದು ಎರಡು ಗಂಟು ಕಟ್ಟಿ ಕೊಟ್ಟಿದ್ಳು. ಒಂದು ಅಂವ ತಿನ್ಲಿಕ್ಕ. ಇನ್ನೊಂದು, ಅಂವ ಇಳಿಯೋ ಬಂದರದಾಗ ಮಾಲು ಇಳಿಸೋ ಮಂದಿಗಿ ಕೊಡ್ಲಿಕ್ಕ. ಈಗ ಆ ಬಂದರನೇ ದುಶ್ಮನ್ ಬಂದರ.

"ನಾನೇ ನನ್ನ ಮಗನ ಕೈಯಾಗ ಚೋರಿ ಮಾಲು ಕೊಟ್ಟು ಕಳಿಸೀನಲ್ಲೋ," ಅಂದ್ಳು. "ಎರಡೂ ಗಂಟು ಸಮುದ್ರಕ್ಕ ಒಗಿ ಅಂತ ಅಂವಗ ಫೋನಿನಾಗ ಹೇಳಿ ಬಂದೀನಿ."

"ಅವ್ವಾ! ನಾ ಚ್ಯಾಷ್ಟಿ ಮಾಡಿದ್ದು!"

"ಕಾಯ್ದೆದಾಗೂ ಚ್ಯಾಷ್ಟಿ ಮಾಡ್ತಾರೇನೋ, ಹುಚ್ಚಪ್ಯಾಲಿ?"

ನಮ್ಮಣ್ಣ ಅವ್ವನ ಮಾತು ಮೀರಾಂವಲ್ಲ. ಒಗದೇ ಬಿಟ್ಟ. ಒಗದ ಮ್ಯಾಲ ಅವರ ಹಡಗ ನಾಕಾಬಂದಿ ಹೊರಗ ಲಂಗರು ಹಾಕಿ ನಿಂತಿತು. ಕಾಯಿಪಲ್ಯ ಮುಗೀತು, ಬರೀ ಅನ್ನ, ಬ್ಯಾಳಿ ನೀರು, ಕಲಸ್ಕೊಳ್ಳಲಿಕ್ಕ ಹಿಂಡಿನೂ ಇಲ್ಲ. ವೈನಿ ಭಾಲ್ಕಿಯಿಂದ ಫೋನ್ ಹಚ್ಚಿ, "ಮೈದುನಾ, ನಿನ್ನ ಪುಸ್ತಕ ಖಾರ ಹಚ್ಚಿ ನೀನೇ ತಿನ್ನು," ಅಂದ್ಳು.

ಚಿದ್ರಿಗಿ ಬಂದು ಪುಸ್ತಕ ತೆಗದೆ. ನಾ ಓದಿದ ಹಾಳಿ ಹಿಂದೇ ಬರದಿತ್ತು: ಹಡಗದ ಮಂದಿ ದಾರ್ಯಾಗ ತಿನ್ಲಿಕ್ಕ ಒಯ್ಯೋದು ಚೋರಿ ಮಾಲಲ್ಲ. ಇನ್ನ ತಿನ್ನೋ ಪದಾರ್ಥ ಹಿಡೀಬೇಕಂದ್ರ ಅದು ದುಶ್ಮನ್ ಫೌಜಿಗಿ ಹೊಂಟಿರಬೇಕು. ಮಾಲು ಹೊರೋ ಹಮಾಲರಿಗಿ ಹೊಂಟ ಅಗಸಿ ಹಿಂಡಿಗಿ ಜಗತ್ತಿನ ಯಾವ ಜಂಗೀ ಹಡಗನೂ ಏನೂ ಮಾಡಂಗಿಲ್ಲ. ನಾ ಹಾಳಿ ಹೊಳ್ಳಿಸಿರಲಿಲ್ಲ, ಅಷ್ಟೇ.

ಆಮ್ಯಾಲ ಅಣ್ಣನ ಫೋನು ಹತ್ತೋದು ನಿಂತಿತು.

ಬೀದರದಾಗ ಕೂತ್ರ ಎಕಂಬಾಕ್ಕ ಹೋಗಬೇಕು ಅನಿಸ್ತಿತ್ತು, ಎಕಂಬಾಕ್ಕ ಹೋದ್ರ ಭಾಲ್ಕಿಗಿ. ಗಾಡಿ ಮ್ಯಾಲಿದ್ದಾಗಷ್ಟೇ ಉಸಿರು ಆಡ್ತಿತ್ತು. ಅಪ್ಪ ಎಣಿಸಿದ ಕುರೀನೇ ಮತ್ತ ಎಣಿಸ್ತಿದ್ದ. ಅವ್ವ ದಿಬ್ಬದ ಮ್ಯಾಲಿಂದ ಕೆಳಗ ಇಳೀತಿರಲಿಲ್ಲ, ರೊಟ್ಟಿ ಅಲ್ಲಿಗೇ ಒಯ್ದು ಕೊಟ್ಟೆ.

"ಹಿಡಿದ್ರೇನೋ?" ಅಂದ್ಳು.

"ಇಲ್ಲವ್ವಾ. ಅವರು ದಾಟ್ಲಿಕ್ಕ ಹೋಗಿಲ್ಲ, ಹೊರಗ ನಿಂತಾರ. ಅಂಥವರಿಗಿ ಹಿಂದಕ್ಕ ಹೋಗ್ರಿ ಅಂತ ಹೇಳಬೇಕು. ಹಿಡಿದ್ರೂ ನಮ್ಮ ದೇಶ ಲಡಾಯಿಯೊಳಗಿಲ್ಲ, ಹಡಗದ ಹುಡುಗರಿಗಿ ಬಿಡಬೇಕು."

"ಬಿಡಬೇಕು ಅಂತೀಯೋ, ಬಿಡ್ತಾರ ಅಂತೀಯೋ?"

ಪರೀಕ್ಷಾದಾಗ ಇಂಥ ಪ್ರಶ್ನಿ ಯಾರೂ ಕೇಳಿರಲಿಲ್ಲ. "ಬಿಡಬೇಕು ಅಂತೇನಿ," ಅಂದೆ. ಅವ್ವ ಸೀರಿ ಝಾಡಿಸ್ಕೊಂಡು ಎದ್ದು, "ನಡಿ, ಸೊಸಿ ಕಡಿ ಹೋಗೂಣು," ಅಂದ್ಳು.

ಭಾಲ್ಕಿಯೊಳಗ ನಾವು ಚಪ್ಪಲಿ ಕಳಿಯೂದ್ರಾಗ ವೈನಿ ಫೋನು ಬಡ್ಕೊಂತು. ಅಣ್ಣ! ಸ್ಪೀಕರ್ ಹಾಕಿದ್ಳು.

"ಬಂದೂಕಿನವರು ಹತ್ತಿದ್ರು. ಫೋನ್ ಎಲ್ಲ ಕಸಗೊಂಡಿದ್ರು. ಮಾಲು ನೋಡಿದ್ರು, ಕಾಗದ ನೋಡಿದ್ರು, ಹಿಂದಕ್ಕ ಹೋಗ್ರಿ ಅಂದ್ರು. ಬಿಟ್ಟಾರ."

ಅವ್ವ ಗ್ವಾಡಿಗಿ ಆತು ಕೆಳಗ ಕೂತ್ಳು. "ಹಿಂಡಿ ಕೇಳಿದ್ರೇನೋ?"

"ಅದೇನು ಕೇಳ್ತೀಯವ್ವಾ, ಸುಮ್ನಿರು."

ವೈನಿ ಫೋನು ಬಾಯಿ ಹತ್ರ ತಂದ್ಳು. "ಮತ್ತ ಯಾವಾಗ ಇಳೀತೀರಿ?"

ಇಂಜಿನ್ ಸಪ್ಪಳದ ನಡುವ ಅಣ್ಣ ಅಂದ, "ಆ ಬಂದರ ಬಂದ್ ಆಯ್ತಲ್ಲ... ಸುತ್ತು ಹಾಕಿ ಬ್ಯಾರೆ ಕಡಿ ಹೊಂಟೀವಿ. ದಿನ ತುಂಬೋದ್ರಾಗ ಆಗಂಗಿಲ್ಲ." ಫೋನು ಕಟ್ ಆಯ್ತು.

ವೈನಿ ನನ್ನ ಕಡಿ ನೋಡಿದ್ಳು. ಸಿಟ್ಟಿರಲಿಲ್ಲ, ನನಗ ತ್ರಾಸಾಗಿದ್ದು ಅದೇ. "ಮೈದುನಾ, ನಿನ್ನ ಕಾಯ್ದೆದಾಗ ಮನಿಗಿ ಹೋಗಬೇಕಂದವನಿಗಿ ನಡುವ ಇಳಿಸಬೇಕು ಅಂತ ಏನರ ಅದನೇನು?"

ನಾ ಓದಿದ್ದೆಲ್ಲ ಹಡಗದ್ದು, ಮಾಲಿಂದು. "ನಾ ಓದಿದ್ರಾಗ ಇಲ್ರೀ ವೈನಿ," ಅಂದೆ.

"ಡಾಕ್ಟರ್ ನಡದಾಡ್ರಿ ಅಂದಾರ," ಅಂತ ಆಕಿ ಎದ್ದು ಚಪ್ಪಲಿ ಹಾಕ್ಕೊಂಡ್ಳು. ಗಲ್ಲಿ ಆ ತುದಿಗಿ ಹೋದ್ಳು, ಹೊಳ್ಳಿ ಬಂದ್ಳು, ಮತ್ತ ಹೋದ್ಳು. ನಾ ಹಿಂದಿಂದ ನೀರಿನ ಬಾಟಲಿ ಹಿಡ್ಕೊಂಡು ನಡದೆ. ಆಕಿಗಿ ನಗಸ್ಬೇಕಂದ್ರ ಒಂದು ಚ್ಯಾಷ್ಟಿ ಸುದ್ದಾ ನೆನಪಾಗಲಿಲ್ಲ.